ಪ್ಲೇಟಿಗೆ ಇಸ್ತ್ರಿ ಹಾಕಿದವಳು

ಆ ಬೀದಿಯ ಇಸ್ತ್ರಿ ಅಂಗಡಿಯವಳನ್ನು ಎಲ್ಲರೂ ಕರೆಯುವುದು ಪ್ಲೇಟಮ್ಮ ಎಂದು. ಹೆಸರು ಬೀಳಲು ಅವಳೇ ಕಾರಣ, ಬೇರೆ ಯಾರನ್ನೂ ದೂರುವ ಹಾಗಿಲ್ಲ.

ಮದುವೆಯಾಗಿ ಬಂದ ಹೊಸತು. ಗಂಡನ ಬಳಿ ಜೀವಕ್ಕೆ ಜೀವವಾದ ವಸ್ತುವೊಂದಿತ್ತು: ವಿದೇಶಿ ರಾಕ್ ತಂಡವೊಂದರ ಹಾಡುಗಳ ಕಪ್ಪು ಗ್ರಾಮಫೋನ್ ಪ್ಲೇಟು. ಆ ಭಾಷೆ ಅವನಿಗೂ ಬಾರದು. ಆದರೂ ಮುಳ್ಳು ಇಟ್ಟರೆ ಸಾಕು, ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಕಣ್ಣು ಮುಚ್ಚಿಬಿಡುತ್ತಿದ್ದನಂತೆ. ಹೊಸ ಹೆಂಡತಿಗೂ ಕೇಳಿಸಬೇಕೆಂದು ಅದನ್ನು ಕಿಟಕಿಯ ಬಳಿ ತೆಗೆದಿಟ್ಟು, ಮನೆಮನೆಗೆ ಬಟ್ಟೆ ಕೊಡಲು ಹೋದ. ಬಿಸಿಲು ಬಿದ್ದು ಅಂಚು ಸುತ್ತಲೂ ಸೊಟ್ಟಗಾಯಿತು. ಇಸ್ತ್ರಿಯವನ ಹೆಂಡತಿ ಸೊಟ್ಟಗಾದದ್ದನ್ನು ಕಂಡರೆ ಇನ್ನೇನು ಮಾಡಿಯಾಳು? ಮೇಲೊಂದು ತೆಳು ಬಟ್ಟೆ ಹಾಸಿ, ಕಾಲರಿಗೆ ಹಾಕುವ ಹಾಗೆ ಅಂಚಿನ ಸುತ್ತ ನಾಜೂಕಾಗಿ ಇಸ್ತ್ರಿ ಹಾಕಿದಳು ಪುಣ್ಯಾತ್ಗಿತ್ತಿ! ಪ್ಲೇಟು ನೆಟ್ಟಗಾಯಿತು. ಅಂಚಿನ ಗೆರೆಗಳು ಮಾತ್ರ ಅಳಿಸಿಹೋಗಿ, ಮೊದಲ ಹಾಡಿನ ಶುರುವಿನಲ್ಲಿ ಬರೀ ಸುರ್ರೆಂಬ ಸದ್ದು ಉಳಿಯಿತು.

ಅವನು ಬಂದು ಮುಳ್ಳು ಇಟ್ಟಾಗ ಅದನ್ನು ಕೇಳಿ ಅವಳು ಅತ್ತೇಬಿಟ್ಟಳು. ಗಂಡ ತಿರುಗುವ ಪ್ಲೇಟನ್ನೇ ಒಂದು ಗಳಿಗೆ ನೋಡಿದ. ಆಮೇಲೆ ತುಟಿ ಮುಂದೆ ಮಾಡಿ, ಡ್ರಮ್ ಬರುವವರೆಗೂ ನಿಧಾನವಾಗಿ ಶಿಳ್ಳೆ ಹಾಕಿದ.

"ಅಲ್ಲಿರೋದು ಇಷ್ಟೇ ಕಣೇ, ಒಂದು ಚಿಕ್ಕ ಶಿಳ್ಳೆ. ಅದಕ್ಯಾಕೆ ಅಳ್ತೀಯ? ನಾನಿಲ್ವಾ ಹಾಕೋಕೆ!"

ಅಂದಿನಿಂದ ಮಧ್ಯಾಹ್ನವಾದರೆ ಅಂಗಡಿ ಬೇರೆಯೇ ಲೋಕ. ಹಬೆಯ ನಡುವೆ ಬಿಳಿ ಅಂಗಿಗಳು ತೇಲುತ್ತಿದ್ದವು, ಅವುಗಳ ಹಿಂದಿನಿಂದ ಶಿಳ್ಳೆ ಬರುತ್ತಿತ್ತು. ಆಮೇಲೆ ಹುಟ್ಟಿದ ಮಗಳು ಬಟ್ಟೆಗಂಟಿನ ಮೇಲೆ ನಿದ್ದೆಹೋಗುತ್ತಿದ್ದದ್ದೂ ಅದನ್ನು ಕೇಳುತ್ತಲೇ. ಎದುರಿನ ಸೈಕಲ್ ರಿಪೇರಿಯವನೂ ಅದನ್ನು ಕಲಿತ. ಹಾಡು ಶುರುವಾಗುವುದೇ ಹಾಗೆಂದು ಬೀದಿಗೆ ಬೀದಿಯೇ ನಂಬಿತ್ತು.

ಹೋದ ವರ್ಷ ಗಂಡ ತೀರಿಕೊಂಡ. ಒಮ್ಮೆ ಪ್ಲೇಟು ಹಾಕಿ ನೋಡಿದಳು. ಬರೀ ಸುರ್ರ್. ತಡೆಯಲಾರದೆ ಮುಳ್ಳು ಎತ್ತಿ, ಯಂತ್ರದ ಮೇಲೆ ಬಟ್ಟೆ ಹೊದಿಸಿಬಿಟ್ಟಳು.

ಮೊನ್ನೆ ಮಗಳು ಹೊಸ ಪ್ಲೇಟು ತಂದಳು, ಅದೇ ತಂಡದ್ದು, ಅವೇ ಹಾಡುಗಳು.

"ಇನ್ನೂ ಅಚ್ಚು ಹಾಕ್ತಾರಮ್ಮ! ನನಗಿಂತ ಚಿಕ್ಕೋರೆಲ್ಲ ಮುಗಿಬಿದ್ದು ತಗೋತಿದ್ರು. ಇದ್ರಲ್ಲಿ ಆ ಶಿಳ್ಳೆ ಇರುತ್ತೆ, ಹಾಕ್ಲಾ?"

"ಬೇಡ ಕಣೇ. ಇದ್ರಲ್ಲಿರೋನು ನಿಮ್ಮಪ್ಪನಿಗಿಂತ ಚೆನ್ನಾಗಿ ಹಾಕ್ಬಿಟ್ರೆ? ಆಮೇಲೆ ಅವನದ್ದೇ ಕಿವೀಲಿ ಕೂತ್ಕೊಳ್ಳುತ್ತೆ, ನಿಮ್ಮಪ್ಪಂದು ಹೊರಟೇ ಹೋಗುತ್ತೆ. ನನಗೆ ಉಳಿದಿರೋದೇ ಅದೊಂದು."

ಆದರೂ ಆಸೆ ಬಿಡಬೇಕಲ್ಲ! ಇವತ್ತು ಮಧ್ಯಾಹ್ನ ತಾನೇ ಹೋಗಿ ಮುಳ್ಳು ಇಟ್ಟಳು.

ಶಿಳ್ಳೆ ಬರಲೇ ಇಲ್ಲ. ಎಲ್ಲೋ ದೂರದಲ್ಲಿ ಒಂದು ಗಿಟಾರ್ ಎದ್ದಿತು. ಬೇಡುತ್ತಾ, ಕರೆಯುತ್ತಾ ಹತ್ತಿರ ಬಂತು, ಏರಿತು, ತೂಗಿದ್ದ ಅಂಗಿಗಳನ್ನೆಲ್ಲ ದಾಟಿ ಅಂಗಡಿ ತುಂಬಿಕೊಂಡಿತು. ಇಷ್ಟು ಚೆಂದದ್ದನ್ನು ಅವಳು ಜನ್ಮದಲ್ಲಿ ಕೇಳಿರಲಿಲ್ಲ.

"ಶಿಳ್ಳೆ ಎಲ್ಲಮ್ಮ?" ಎಂದಳು ಮಗಳು.

ಪ್ಲೇಟಮ್ಮ ಬಟ್ಟೆಗಂಟಿನ ಮೇಲೆ ಕುಸಿದಳು. ಅವನು ಕಣ್ಣು ಮುಚ್ಚುತ್ತಿದ್ದದ್ದು ಇದಕ್ಕೆ! ಇದನ್ನೇ ಅವಳು ಇಸ್ತ್ರಿ ಹಾಕಿ ಸುಟ್ಟದ್ದು. ಅವಳು ಅಳಬಾರದೆಂದು, ಇಷ್ಟು ದೊಡ್ಡದನ್ನು ಒಂದು ಶಿಳ್ಳೆಯಿಂದ ಮುಚ್ಚಿ, ಸಾಯುವವರೆಗೂ ಅವನು ತುಟಿಪಿಟಕ್ಕೆನ್ನಲಿಲ್ಲ.

"ರೀ, ಒಂದ್ಸಲ ಬೈದುಬಿಡಬಾರದಿತ್ತಾ ನನ್ನ?" ಎಂದು ಒಗೆದ ಅಂಗಿಯೊಂದನ್ನು ಮುಖಕ್ಕೊತ್ತಿಕೊಂಡು ಅತ್ತಳು.

"ನಿಲ್ಲಿಸ್ಲಾ ಅಮ್ಮ?"

"ಬೇಡ, ಪೂರ್ತಿ ಬರಲಿ. ನಿಮ್ಮಪ್ಪ ಎಷ್ಟು ಆಸೆಪಟ್ಟು ತಂದಿದ್ರೋ."

ಮುಗಿದ ಮೇಲೆ ಎದ್ದು ಹಳೆಯ ಪ್ಲೇಟು ಹಾಕಿದಳು. ಸುರ್ರ್ ಎಂದಿತು. ತಾನೇ ಶಿಳ್ಳೆ ಹಾಕೋಣವೆಂದು ತುಟಿ ಮುಂದೆ ಮಾಡಿದಳು; ಬರೀ ಉಸಿರು ಬಂತು. ಅಷ್ಟರಲ್ಲಿ ಎದುರುಗಡೆ, ಬಿಚ್ಚಿದ ಚಕ್ರದ ಮುಂದೆ ಕೂತಿದ್ದ ಸೈಕಲ್ ರಿಪೇರಿಯವನು ತಲೆ ಕೂಡ ಎತ್ತದೆ ಅವಳ ಗಂಡನ ಶಿಳ್ಳೆ ಶುರುಮಾಡಿದ. ಡ್ರಮ್ ಬರುವವರೆಗೂ ನಿಲ್ಲಿಸಲಿಲ್ಲ.