ಬರಿಗಾಲಿನ ಕಂಪ್ಯೂಟರ್ ಪಾಠ

ಕಂಪ್ಯೂಟರಿಗೆ ಮಡಿ ಕಲಿಸಿದವರನ್ನು ನಾನು ಮದರಾಸಿನ ಪೋರೂರಿನಲ್ಲಿ ನೋಡಿದ್ದೇನೆ. ತೊಂಬತ್ತರ ದಶಕದ ಕೊನೆ. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ತಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಹಳೆಯ ಕಂಪ್ಯೂಟರೊಂದನ್ನು ಇಟ್ಟು, ಸುತ್ತಲಿನ ಕನ್ನಡದವರಿಗೆ ಭಾನುವಾರ ಪಾಠವೆಂದು ಸಾರಿದ್ದರು. ಪಾಠ ಹೇಳುವವನು ನಾನು, ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ್ದ ಹೊಸಬ. ಕೀರ್ತಿ ಅವರದು.

ಮಾನಿಟರಿನ ನೆತ್ತಿಗೆ ಕುಂಕುಮ, ಕೀಬೋರ್ಡಿಗೆ ಕಸೂತಿಯ ಹೊದಿಕೆ, ಬಾಗಿಲಲ್ಲಿ ಚಪ್ಪಲಿ ಬಿಡಬೇಕೆಂಬ ಬೋರ್ಡು. ಅದೂ ಸಾಲದೆಂದು ಮೆಟ್ಟಿಲ ಬುಡದ ನಲ್ಲಿಯಲ್ಲಿ ಕಾಲು ತೊಳೆದೇ ಹತ್ತಬೇಕು. ಕಾಲಿನ ಧೂಳಿಗೆ ಮಿಷನ್ ಕೆಡುತ್ತದಂತೆ. ಧೂಳಿಗೆ ಇಷ್ಟು ಹೆದರುವ ಈ ಮಹನೀಯರು, ಗೋಡೆಯ ಸಾಕೆಟ್ಟಿನಲ್ಲಿ ಎರಡೇ ತೂತುಗಳಿವೆಯೆಂದು ಪ್ಲಗ್ಗಿನ ಅರ್ಥ್ ಪಿನ್ನನ್ನೇ ಕತ್ತರಿಸಿ ಎಸೆದಿದ್ದರು. ಕರೆಂಟು ತಪ್ಪಿ ಕಂಪ್ಯೂಟರಿನ ತಗಡಿನ ಡಬ್ಬಕ್ಕೆ ಹರಿದರೆ ನೆಲಕ್ಕೆ ಇಳಿಯಲು ಇದ್ದದ್ದು ಅದೊಂದೇ ದಾರಿ.

“ಸರ್, ಡಬ್ಬ ಮುಟ್ಟಿದ್ರೆ ಜುಮ್ ಅಂತಿದೆ. ಎಲೆಕ್ಟ್ರಿಷಿಯನ್ನ ಕರೆಸಿ,” ಎಂದೆ.

“ಕರೆಂಟ್ ಇರೋ ಸಾಮಾನಪ್ಪಾ, ಜುಮ್ ಅನ್ದೆ ಇನ್ನೇನ್ ಮಾಡುತ್ತೆ? ಪರವಾಯಿಲ್ಲೆ, ನೀ ಪಾಠ ನೋಡು.” ಜೀವನವಿಡೀ ಮದರಾಸಿನಲ್ಲಿದ್ದವರು, ಅವರ ಉಡಾಫೆಗೆ ತಮಿಳಿನ ಮೆರುಗೂ ಇತ್ತು.

ಕಲಿಯಲು ಬರುವವರಲ್ಲಿ ನಿಜವಾದ ಗರಜಿದ್ದವರು ಒಬ್ಬರೇ. ಮೈಸೂರು ಕಡೆಯ ಹೆಂಗಸು, ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಟೈಪಿಸ್ಟ್. ಅಲ್ಲಿ ಟೈಪ್‌ರೈಟರುಗಳನ್ನು ತೆಗೆಯುತ್ತಿದ್ದರು; ಕಂಪ್ಯೂಟರ್ ಬಾರದವರು ಮನೆಗೆ ಹೋಗಬಹುದು ಎಂದಿದ್ದರು. “ಬೆರಳಿಗೆಲ್ಲಾ ಗೊತ್ತು ಸರ್, ಈ ಮೌಸ್ ಒಂದು ಹೇಳಿದ್ ಮಾತು ಕೇಳಲ್ಲ,” ಎಂದು ಅದನ್ನು ಗದರುತ್ತಿದ್ದರು.

ಒಂದು ಭಾನುವಾರ ಅವರು ಒದ್ದೆಗಾಲಲ್ಲೇ ಬಂದರು. ಕಾಲೊರೆಸುವ ಗೋಣಿಚೀಲವೂ ನೆನೆದಿತ್ತು. ಫ್ಲಾಪಿ ತೂರಿಸಲು ಬಲಗೈ ಚಾಚಿ, ಡಬ್ಬ ಅಲುಗದಂತೆ ಎಡಗೈಯಲ್ಲಿ ಅದರ ತಗಡನ್ನು ಹಿಡಿದರು. ಮಾತು ಅರ್ಧಕ್ಕೆ ನಿಂತಿತು. ಕೂಗಲಿಲ್ಲ. ಬಾಯಿ ತೆರೆದೇ ಇತ್ತು, ಭುಜ ಅದುರುತ್ತಿತ್ತು, ಕೈ ತಗಡನ್ನು ಬಿಡುತ್ತಿರಲಿಲ್ಲ. “ಏನಾಯ್ತಮ್ಮಾ?” ಎನ್ನುತ್ತ ಯಜಮಾನರು ಅವರ ತೋಳು ಹಿಡಿಯಲು ಹೋದರು. “ಮುಟ್ಟಬೇಡಿ!” ಎಂದು ಕಿರುಚಿ ನಾನು ಗೋಡೆಯ ಸ್ವಿಚ್ ಆರಿಸಿದೆ.

ನನಗೂ ಸ್ವಿಚ್ಚಿಗೂ ನಡುವೆ ಒಂದು ಸ್ಟೂಲಿತ್ತು. ಅದನ್ನು ಬಳಸಿ ಹೋದೆನೋ, ಒದ್ದು ಹೋದೆನೋ ತಿಳಿಯದು. ಕಣ್ಣು ಮುಚ್ಚಿದರೆ ಇಂದಿಗೂ ಪ್ರತಿಸಲ ಬೇರೆ ರೀತಿ ಹೋಗುತ್ತೇನೆ. ಕೆಲವು ಸಲ ತಲುಪುವುದೇ ಇಲ್ಲ.

ನೆಲಕ್ಕೆ ಜಾರಿದ ಆಕೆ ಉಸಿರೆಳೆದು ಎದ್ದು ಕೂತಾಗ ಯಜಮಾನರು ಆಡಿದ ಮೊದಲ ಮಾತು: “ಕಂಪ್ಯೂಟರ್‌ಗೇನೂ ಆಗಿಲ್ಲ ತಾನೆ?” ಆಟೋ ತಂದು ಆಸ್ಪತ್ರೆಗೆ ಕರೆದೊಯ್ದವನು ನಾನು. ಬೆರಳುಗಳು ಸುಟ್ಟಿದ್ದವು, ಜೀವ ಉಳಿದಿತ್ತು.

ಆಕೆ ಇನ್ನು ಬರುವುದಿಲ್ಲ ಎಂದುಕೊಂಡಿದ್ದೆ. ಮುಂದಿನ ಭಾನುವಾರ ಮೆಟ್ಟಿಲ ಮೇಲೆ ಹವಾಯಿ ಚಪ್ಪಲಿಯ ಪಟಪಟ ಸದ್ದು. ನಲ್ಲಿಯನ್ನೂ ಬೋರ್ಡನ್ನೂ ದಾಟಿ ನೇರ ಒಳಗೆ ಬಂದರು.

“ಅಮ್ಮಾ, ಬೋರ್ಡ್ ನೋಡ್ಲಿಲ್ವಾ?” ಎಂದರು ಯಜಮಾನರು.

“ನೋಡ್ದೆ ಸರ್. ನೀವು ಬರಿಗಾಲಲ್ಲೇ ಇದ್ದೀರಲ್ಲ, ಒಂದ್ಸಲ ಆ ಡಬ್ಬ ಮುಟ್ಟಿ ತೋರಿಸ್ಬಿಡಿ. ನಾನೂ ಚಪ್ಪಲಿ ಬಿಟ್ ಬರ್ತೀನಿ.”

ಯಜಮಾನರು ಡಬ್ಬ ನೋಡಿದರು, ನನ್ನನ್ನು ನೋಡಿದರು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. “ಏನಪ್ಪಾ, ಆ ಎಲೆಕ್ಟ್ರಿಷಿಯನ್ ಎಲ್ಲಿ ಸಿಗ್ತಾನೆ?”

ಮಧ್ಯಾಹ್ನದೊಳಗೆ ಆತ ಬಂದ. ಕಳಚಿ ತಗಡಿಗೆ ತಾಗಿದ್ದ ತಂತಿಯನ್ನು ತೋರಿಸಿ ಸರಿಮಾಡಿ, ಪ್ಲಗ್ಗು ಬದಲಿಸಿ, ಮೂರು ತೂತಿನ ಹೊಸ ಸಾಕೆಟ್ಟು ಕೂರಿಸಿ ಅದಕ್ಕೆ ಅರ್ಥ್ ಎಳೆದ. ಆತ ಇಳಿದುಹೋದ ಮೇಲೆ ಯಜಮಾನರು ಸಾಕೆಟ್ಟಿಗೂ ಕುಂಕುಮ ಹಚ್ಚಿದರು.

ಆಕೆ ಕೂತು ಬಲಗೈಯೊಂದರಲ್ಲೇ ಟೈಪ್ ಮಾಡತೊಡಗಿದರು. ಪಟ್ಟಿ ಸುತ್ತಿದ ಎಡಗೈ ಮಡಿಲಲ್ಲಿ ಸೆರಗು ಹಿಡಿದಿತ್ತು.

“ಅಕ್ಕಾ, ಈಗ ಏನೂ ಆಗಲ್ಲ,” ಎಂದೆ.

“ಗೊತ್ತು,” ಎಂದರು. ಸ್ವಲ್ಪ ಹೊತ್ತಾದ ಮೇಲೆ ಎಡಗೈಯೂ ಕೀಬೋರ್ಡಿಗೆ ಬಂತು. ಯಜಮಾನರು ಬಾಗಿಲಲ್ಲಿ ನಿಂತು ಮೇಜಿನ ಕೆಳಗಿನ ಚಪ್ಪಲಿಯನ್ನೇ ದುರುಗುಟ್ಟಿ ನೋಡುತ್ತಿದ್ದರು.