ತಲೆಕೆಳಗಾದರೂ ಬೀಳದ ಎಣ್ಣೆ

ಆ ಮನೆಗೆ ಬಂದವರೆಲ್ಲ ಮೊದಲು ಹೋಗುತ್ತಿದ್ದದ್ದು ಹಿರಿಸೊಸೆಯ ಹೊಲಿಗೆ ಯಂತ್ರದ ಹತ್ತಿರ. ಬೀದಿಗೆಲ್ಲ ಅವಳು ಟೈಲರಮ್ಮ. ಹಳೆಯ ಪರದೆ ಕೊಟ್ಟರೂ ಮದುವೆಗೆ ಹಾಕಿಕೊಂಡು ಹೋಗುವಂಥ ಅಂಗಿ ಹೊಲಿದುಕೊಡುವ ಕೈ. ಅತ್ತೆ ಬಟ್ಟೆಯ ಒಳಮಗ್ಗುಲು ತಿರುಗಿಸಿ, "ನಮ್ಮ ಸೊಸೆ ಕೆಲಸ ನೋಡಿ" ಎಂದು ತೋರಿಸುವಾಗ ಅವಳು ಕೇಳಿಸದವಳಂತೆ ಪೆಡಲು ತುಳಿಯುತ್ತಿದ್ದಳು. ಒಂದು ಮಾತೂ ತಪ್ಪದಂತೆ ಕೇಳಿಸಿಕೊಳ್ಳುತ್ತಿದ್ದಳು.

ಮೈದುನನ ಮದುವೆಯಾಗಿ ವಾರಗಿತ್ತಿ ಬಂದಮೇಲೆ ಎಲ್ಲ ಬದಲಾಯಿತು. ಅವಳು ಲ್ಯಾಬಿನಲ್ಲಿ ಸಂಶೋಧನೆ ಮಾಡುವವಳು. ಒಂದು ಸಂಜೆ ಹೆಬ್ಬೆರಳು ಗಾತ್ರದ ಗಾಜಿನ ಸೀಸೆ ತಂದು, ಅತ್ತೆಯ ಕಣ್ಣೆದುರು ತಲೆಕೆಳಗು ಮಾಡಿದಳು. ಒಳಗಿದ್ದ ಅಡುಗೆ ಎಣ್ಣೆ ಒಂದು ಹನಿಯೂ ಜಾರಲಿಲ್ಲ.

"ನೂರು ಪಾಲು ಎಣ್ಣೆಗೆ ನಮ್ಮ ಲ್ಯಾಬಿನ ಪುಡಿ ಒಂದೇ ಪಾಲು ಅತ್ತೆ. ಬಿಸಿ ಮಾಡಿ ಕರಗಿಸಿ ಆರೋಕೆ ಬಿಟ್ರೆ ಸಾಕು. ಪುಟಾಣಿ ಅಣುಗಳು, ಯಾರೂ ಹೇಳ್ದೆ ತಾವಾಗೇ ಒಂದರ ಪಕ್ಕ ಒಂದು ಸೇರ್ಕೊಂಡು ನೂಲಾಗ್ತವೆ. ಆ ನೂಲುಗಳೇ ಹೆಣ್ಕೊಂಡು ಬಲೆ ಆಗುತ್ತೆ. ಎಣ್ಣೆ ಅದ್ರೊಳಗೆ ಸಿಕ್ಕಾಕ್ಕೊಳ್ಳುತ್ತೆ."

"ಸೂಜಿ ಇಲ್ದೆ, ಕೈ ಇಲ್ದೆ?" ಅತ್ತೆ ಕೆನ್ನೆಗೆ ಕೈ ಇಟ್ಟುಕೊಂಡರು.

ಟೈಲರಮ್ಮ ಪೆಡಲು ತುಳಿಯುವುದನ್ನು ನಿಲ್ಲಿಸಿದಳು. ಓದಿದ್ದಾಳೆ, ಇರಲಿ. ಬಾಯಿ ಚುರುಕು, ಅದೂ ಇರಲಿ. ನೂಲಿನ ಮಾತಾಡುವುದಕ್ಕೂ ಅವಳೇ ಬೇಕಿತ್ತೇ?

ಅಂದಿನಿಂದ ಬಂದವರಿಗೆಲ್ಲ ಸೀಸೆಯ ದರ್ಶನ. ಯಂತ್ರದ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅತ್ತೆಯ ತಂಗಿಯ ಮನೆಯವರು ಬರುತ್ತಾರೆಂದು ತಿಳಿದ ಭಾನುವಾರ ಟೈಲರಮ್ಮ ಕಪಾಟಿನಿಂದ ಸೀಸೆ ತೆಗೆದು, ಕುದಿನೀರಿನ ಪಾತ್ರೆಯಲ್ಲಿ ನಿಲ್ಲಿಸಿದಳು. ಎಣ್ಣೆ ತಿಳಿಯಾಗಿ ಅಲ್ಲಾಡತೊಡಗಿತು. ಹೊರಗೆ ಚಪ್ಪಲಿ ಬಿಡುವ ಸದ್ದಾದಾಗ ಒರೆಸಿ ಇದ್ದಲ್ಲೇ ಇಟ್ಟುಬಿಟ್ಟಳು.

ಅತ್ತೆ ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ಸೀಸೆ ಮಗುಚಿದರು. ಎಣ್ಣೆ ಸರ್ರನೆ ಮುಚ್ಚಳಕ್ಕಿಳಿಯಿತು.

"ಇಂಥ ಎಣ್ಣೆ ನಮ್ಮನೇಲೂ ಡಬ್ಬಗಟ್ಟಲೆ ಇದೆ ಅಕ್ಕ!" ಎಂದು ತಂಗಿ ನಕ್ಕರು. ಅತ್ತೆಯ ಮುಖ ಚಿಕ್ಕದಾಯಿತು. ಟೈಲರಮ್ಮನಿಗೆ ಹಾಲು ಕುಡಿದಷ್ಟು ಸಂತೋಷ.

ವಾರಗಿತ್ತಿ ಬಂದು ಸೀಸೆ ಮುಟ್ಟಿ ನೋಡಿದಳು. "ಬಿಸಿಯಾಗಿದೆ, ಅದಕ್ಕೇ ನೂಲೆಲ್ಲ ಬಿಟ್ಕೊಂಡಿದೆ. ಎಲ್ರೂ ಇಲ್ಲಿ ಬನ್ನಿ." ನಲ್ಲಿ ತಿರುಗಿಸಿ ತಣ್ಣೀರಿಗೆ ಹಿಡಿದಳು. ಎಲ್ಲರೂ ಸಿಂಕಿಗೆ ಮುತ್ತಿಕೊಂಡರು. ತಿಳಿ ಎಣ್ಣೆ ನೋಡನೋಡುತ್ತ ಮಂಜುಗಟ್ಟಿತು, ಮಬ್ಬಾಯಿತು, ಗಟ್ಟಿಯಾಯಿತು. ಮಗುಚಿದರೆ ಬೀಳಲಿಲ್ಲ. ಚಪ್ಪಾಳೆಯೋ ಚಪ್ಪಾಳೆ. "ಇನ್ನೊಂದ್ಸಲ ಕರಗ್ಸಿ!" ಎಂದು ತಂಗಿಯೇ ದುಂಬಾಲುಬಿದ್ದರು. ತಾನೇ ತೋಡಿದ ಗುಂಡಿಗೆ ತಾನೇ ಬಿದ್ದ ಟೈಲರಮ್ಮ, ಅವರಿಗಾಗಿ ಮತ್ತೆ ನೀರು ಕಾಯಿಸಿಕೊಡಬೇಕಾಯಿತು.

ನೆಂಟರು ಹೋದಮೇಲೆ ವಾರಗಿತ್ತಿ ಯಂತ್ರದ ಪಕ್ಕ ಬಂದು ನಿಂತಳು. "ಸೀಸೆ ತಾನಾಗೇ ಬಿಸಿಯಾಗಲ್ಲ ಅಕ್ಕ."

"ನಾನೇ ಬಿಸಿನೀರಲ್ಲಿ ಇಟ್ಟೆ. ಏನೀಗ?"

"ಇದ್ರಲ್ಲಿ ಬರೀ ಎಣ್ಣೆ ಇತ್ತು, ಸರಿಹೋಯ್ತು. ನಾವು ಪೆಟ್ರೋಲಿನಂಥ ಬೇರೆ ದ್ರವಗಳನ್ನೂ ಹೀಗೇ ಗಟ್ಟಿ ಮಾಡ್ತೀವಿ. ಅಂಥದ್ದಾಗಿದ್ರೆ ಒಲೆ ಹತ್ರ ಬೆಂಕಿ ಹತ್ಕೊಳ್ತಿತ್ತು. ಕೋಪ ಇದ್ರೆ ನನ್ನನ್ನ ಬೈಯಿರಿ. ಸೀಸೆ ಮುಟ್ಬೇಡಿ."

ತಪ್ಪಾಯಿತು ಎನ್ನಬೇಕೆಂದಿದ್ದ ಟೈಲರಮ್ಮ ಜೋರಾಗಿ ಪೆಡಲು ತುಳಿಯತೊಡಗಿದಳು. ಆಮೇಲೆ ಇಬ್ಬರ ನಡುವೆ ಮಾತು ನಿಂತಿತು. "ಉಪ್ಪಿನ ಡಬ್ಬ ಈ ಕಡೆ ಸರಿಸೋಕೆ ಹೇಳಿ" ಎನ್ನುವುದಕ್ಕೂ ಮಧ್ಯೆ ಅತ್ತೆ ಬೇಕಾಯಿತು.

ಒಂದು ಬೆಳಿಗ್ಗೆ ಯಂತ್ರದ ಮೇಲೆ ವಾರಗಿತ್ತಿಯ ಜೇಬು ಹರಿದ ಲ್ಯಾಬ್ ಕೋಟು ಬಿದ್ದಿತ್ತು. ತೇಪೆ ಹಾಕಿ ಎಸೆಯಬಹುದಿತ್ತು. ಟೈಲರಮ್ಮ ಹಳೇ ಜೇಬನ್ನೇ ಬಿಚ್ಚಿ, ಹೊಸದು ಕತ್ತರಿಸಿ, ಅಂಚಿಗೆ ಇರುವೆ ಸಾಲಿನಂಥ ಹೊಲಿಗೆ ಹಾಕಿದಳು. ಪ್ರೀತಿಗಲ್ಲ, ಲ್ಯಾಬಿನವರೂ ಒಮ್ಮೆ ನೋಡಲಿ ಎಂದು.

ಮರುದಿನ ಸಂಜೆ ವಾರಗಿತ್ತಿ ಕೈತುಂಬ ಕೋಟುಗಳನ್ನು ಹೊತ್ತು ಬಂದಳು. "ಯಾರು ಹೊಲಿದಿದ್ದು ಅಂತ ಎಲ್ರೂ ಕೇಳಿದ್ರು ಅಕ್ಕ. ಅವರವರದ್ದೂ ಕೊಟ್ಟು ಕಳಿಸಿದಾರೆ."

ಟೈಲರಮ್ಮ ದಾರ ಕಚ್ಚಿ ತುಂಡುಮಾಡಿದಳು. "ಅವತ್ತು ನಂದು ತಪ್ಪಾಯ್ತು ಕಣೇ."

"ಬಿಡಿ ಅಕ್ಕ."

"ಅಲ್ಲಾ, ಅವ್ರು ಜಾಸ್ತಿ ಹೊಗಳೋದು ನಿನ್ನ ಸೀಸೇನೋ, ನನ್ನ ಜೇಬೋ?"

"ಜೇಬು."

"ನಿಜ ಹೇಳು."

ವಾರಗಿತ್ತಿಗೆ ನಗು ತಡೆಯಲಾಗಲಿಲ್ಲ. "ಸೀಸೆ."

"ಗೊತ್ತಿತ್ತು" ಎಂದು ಟೈಲರಮ್ಮ ಮುಖ ಊದಿಸಿಕೊಂಡು ಮೊದಲನೇ ಕೋಟನ್ನು ಎಳೆದುಕೊಂಡಳು.