ದಡದಲ್ಲಿ ನಿಲ್ಲದ ಕುಸಕಾಬೆ ಮಿತ್ಸುಯೊ

ಕಡಲ ಮಂಜುಗಡ್ಡೆಯ ಅಧ್ಯಯನದಲ್ಲಿ ಜಪಾನಿನ ಉತ್ತರದ ನಮ್ಮ ಹೊಕ್ಕೈಡೊ ದ್ವೀಪಕ್ಕೆ ಹೆಸರಿದೆ. ಆ ಹೆಸರಿನಲ್ಲಿ ಹೆಂಗಸರ ಪಾಲೆಷ್ಟು ಎಂದು ಕೇಳುವ ಧೈರ್ಯವನ್ನು ನಮಗೆ ಕಲಿಸಿದವರು, ಈ ವಸಂತದಲ್ಲಿ ನಿವೃತ್ತರಾಗುತ್ತಿರುವ ಪ್ರೊಫೆಸರ್ ಕುಸಕಾಬೆ ಮಿತ್ಸುಯೊ ಅವರು. ಅವರಿಗಿಂತ ಮೊದಲೂ ಹೆಂಗಸರಿದ್ದರು. ಗಂಡಸರು ತಂದ ಗಡ್ಡೆಯನ್ನು ಶೀತಲ ಕೋಣೆಯಲ್ಲಿ ಕೊಯ್ದು, ಉಪ್ಪು ಅಳೆದು, ಚಹಾವನ್ನೂ ಕಾಸಿಕೊಡುತ್ತಿದ್ದರು. ಪ್ರಬಂಧದ ಕೊನೆಯಲ್ಲಿ 'ನೆರವಾದ ಮಹಿಳೆಯರಿಗೆ ವಂದನೆ' ಎಂದಿರುತ್ತಿತ್ತು. ಹೆಸರಿರುತ್ತಿರಲಿಲ್ಲ.

ಎಂಬತ್ತರ ದಶಕದಲ್ಲಿ ಸಂಶೋಧನೆಗೆ ಸೇರಿದ ಕುಸಕಾಬೆಯವರಿಗೂ ಅದೇ ಕೋಣೆ ಸಿಕ್ಕಿತು. ಅವರ ವಿಷಯ, ಆಗತಾನೆ ಹೆಪ್ಪುಗಟ್ಟಿದ ಎಳೆಯ ಗಡ್ಡೆಯ ಉಪ್ಪು. ಅಂಥ ಗಡ್ಡೆಯನ್ನು ಕಡಲಿನಿಂದ ಎತ್ತಿದೊಡನೆ ಉಪ್ಪುನೀರು ಸೋರತೊಡಗುತ್ತದೆ. ಪೆಟ್ಟಿಗೆಯಲ್ಲಿ ದಡ ಸೇರುವ ಹೊತ್ತಿಗೆ ಅಳೆದು ಪ್ರಯೋಜನವಿಲ್ಲ. ತಾವೇ ದೋಣಿ ಹತ್ತದಿದ್ದರೆ ಅವರ ಡಾಕ್ಟರೇಟ್ ಅಲ್ಲಿಗೆ ಮುಗಿದಂತೆ.

ಓಖೋಟ್ಸ್ಕ್ ಕಡಲ ತೀರದ ಬಂದರಿನಲ್ಲಿ ಬಾಡಿಗೆ ದೋಣಿಯ ಯಜಮಾನ ನಿಶಿಗೊರಿ ತೊರಾಕಿಚಿ ಅಡ್ಡ ನಿಂತರು. ದೋಣಿ ಕಾಯುವ ದೇವತೆ ಹೆಣ್ಣು. ಇನ್ನೊಂದು ಹೆಣ್ಣನ್ನು ಸಹಿಸುವುದಿಲ್ಲ ಎಂಬುದು ಬೆಸ್ತರ ನಂಬಿಕೆ. ಅಲ್ಲಿ ನಡೆದ ಮಾತನ್ನು ಬಂದರಿನವರು ಇಂದಿಗೂ ಹೇಳಿಕೊಂಡು ನಗುತ್ತಾರೆ.

"ನಿನ್ ಮೇಲೆ ಸಿಟ್ಟಿಲ್ಲ ಕಣಮ್ಮ. ನಮ್ ದೋಣಿತಾಯಿಗೆ ಹೊಟ್ಟೆಕಿಚ್ಚು."

"ದೋಣಿ ಕಟ್ಟಿದಾಗ ಕಂಬದೊಳಗೆ ಏನಿಟ್ರಿ ಯಜಮಾನ್ರೇ?"

"ದೋಣಿತಾಯಿಗೆ ಅಂತ ಎಲ್ರೂ ಇಡೋದೇ. ದಾಳ, ಗೊಂಬೆ, ಹೆಂಡ್ತಿ ಕೂದಲು."

"ಹಾಗಾದ್ರೆ ಹೆಂಗಸಿನ ಕೂದಲು ಹತ್ತಿ ಆಗಿದೆ. ಉಳಿದ ಮೈ ಈಗ ಹತ್ತುತ್ತೆ, ಸ್ವಲ್ಪ ಸರೀರಿ."

ಪಕ್ಕದಲ್ಲಿ ಬಲೆ ಸರಿಮಾಡುತ್ತಿದ್ದ ಯಜಮಾನರ ಹೆಂಡತಿ ನಕ್ಕುಬಿಟ್ಟರು. "ಹತ್ತಿಸ್ಕೊಳ್ರೀ. ಇಷ್ಟು ವರ್ಷ ನಾನೂ ನಿಮ್ ಜೊತೆ ಪುಕ್ಕಟೆ ಸುತ್ತಿದೀನಂತೆ, ನಂಗೇ ಗೊತ್ತಿರ್ಲಿಲ್ಲ!"

ಯಜಮಾನರು ಗೊಣಗುತ್ತ ಸರಿದರು. "ಏನಾದ್ರೂ ಹೆಚ್ಚುಕಡಿಮೆ ಆದ್ರೆ ನಿನ್ ಹೆಸರೇ ಹೇಳೋದು."

"ಹೇಳಿ. ಇಷ್ಟು ದಿನ ಯಾರೂ ಹೇಳೇ ಇಲ್ಲ."

ಅಂದು ಅವರು ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡರು; ನಡುನಡುವೆ ಅಳತೆ ತೆಗೆದರು. ಎಳೆಯ ಗಡ್ಡೆಯಲ್ಲಿ ಅದುವರೆಗೆ ತಿಳಿದದ್ದಕ್ಕಿಂತ ಬಹಳ ಹೆಚ್ಚು ಉಪ್ಪಿದೆ ಎಂದು ತೋರಿಸಿದ ಆ ಪ್ರಬಂಧದಲ್ಲಿ ಮೊದಲ ಹೆಸರು ಅವರದು. ಕೊನೆಯ ವಂದನೆಯಲ್ಲಿ ಶೀತಲ ಕೋಣೆಯ ಹೆಂಗಸರ ಹೆಸರುಗಳಿವೆ, ಒಂದನ್ನೂ ಬಿಡದೆ. ಮುಂದೆ ಅವರು ದಕ್ಷಿಣ ಧ್ರುವಕ್ಕೆ ಹೋದರು. ಮತ್ತೊಮ್ಮೆ ಹೋದಾಗ ತಂಡದ ಮುಖ್ಯಸ್ಥರೇ ಅವರಾಗಿದ್ದರು.

ಅವರು ಮೃದು ಸ್ವಭಾವದವರೆಂದು ಬರೆದರೆ ಸುಳ್ಳಾಗುತ್ತದೆ. ಅವರ ಕೊನೆಯ ವಿದ್ಯಾರ್ಥಿನಿಯಾದ ನಾನು ಮೊದಲ ಪಯಣದಲ್ಲಿ ದೋಣಿಯಂಚು ಹಿಡಿದು ಕಕ್ಕುತ್ತಿದ್ದಾಗ, ಉಪ್ಪಿನಲ್ಲಿಟ್ಟ ಹುಳಿಹಣ್ಣೊಂದನ್ನು ಬಾಯಿಗೆ ತುರುಕಿ, "ಖಾಲಿ ಆಯ್ತಲ್ಲ? ಇನ್ನು ಗಡ್ಡೆ ಕೊರೆಯೋಕೆ ಬಾ" ಎಂದರು. ಆದರೆ ಅಂದು ನಾನು ತೆಗೆದ ಅಳತೆಗಳು ನನ್ನ ಹೆಸರಿನಲ್ಲೇ ಅಚ್ಚಾದವು. ಇದಕ್ಕಿಂತ ದೊಡ್ಡ ವಾತ್ಸಲ್ಯ ನನಗೆ ತಿಳಿಯದು.

ಕಳೆದ ಶರತ್ಕಾಲದಲ್ಲಿ ತೊರಾಕಿಚಿಯವರ ಮೊಮ್ಮಗ ಹೊಸ ದೋಣಿ ಕಟ್ಟಿಸುತ್ತ ವಿಶ್ವವಿದ್ಯಾಲಯಕ್ಕೆ ಬಂದು ತಲೆಬಾಗಿ ನಿಂತ.

"ಮೇಡಂ, ಅಜ್ಜ ಸಾಯೋ ಮುಂಚೆ ಹೇಳಿದ್ರು. ಕೂದಲು ನಿಮ್ದೇ ಇಡ್ಬೇಕಂತೆ."

"ಬೆಳ್ಳಗಾಗಿದೆಯಲ್ಲೋ."

"ಐಸಿನ ಕಡೆ ಹೋಗೋ ದೋಣಿ ಅಲ್ವಾ, ಹೊಂದುತ್ತೆ."

ಪ್ರಯೋಗಾಲಯದ ಕತ್ತರಿಯಿಂದಲೇ ಕತ್ತರಿಸಿ ಕೊಟ್ಟರು.

ಗುರುಗಳು ನೂರು ಚಳಿಗಾಲ ಕಾಣಲಿ. ಕೂದಲು ಆಗಲೇ ದೋಣಿ ಹತ್ತಿದೆ. ಬರುವ ಚಳಿಗಾಲದ ಮೊದಲ ಗಡ್ಡೆಗೆ ಉಳಿದ ಮೈಯೂ ಹತ್ತಲಿ. ನಾವು ಸರಿದು ಜಾಗ ಬಿಡುತ್ತೇವೆ.